ಸೋಮಾರಿ ಲೋಹ

ಕಾಗದಪತ್ರದಲ್ಲಿ ಅದರ ಹೆಸರು ನಿಧಾನಿಯಂ.
ಚಾಂಪಿಯನ್ ರೀಫ್‌ನ ಪಾಳಿಯವರಿಗೆ ಬರೀ ಸೋಮಾರಿ.
ಬೆಳಿಗ್ಗೆ ಕಾಸಿದರೆ ರಾತ್ರಿ ಬಿಸಿ.
ಇವತ್ತು ಕೊಟ್ಟ ಪೆಟ್ಟು
ಬರುವ ಗುರುವಾರ ಠಣ್ಣೆನ್ನುತ್ತದೆ.
ಹಳೆಯ ನಿಘಂಟಿನಲ್ಲಿ ನಿಧಾನವೆಂದರೆ ನಿಧಿಯೂ ಹೌದು;
ಮೇಸ್ತ್ರಿ ವೆಂಕಟಗಿರಿಯಪ್ಪನಿಗೆ ಹೇಳಿದೆ, ನಗಲಿಲ್ಲ.

ಚಿನ್ನ ಮುಗಿದು ಎಷ್ಟೋ ಕಾಲಕ್ಕೆ
ಸೈನೈಡ್ ದಿಬ್ಬದಲ್ಲಿ,
ಹುಲ್ಲು ಕೂಡ ಒಲ್ಲೆನೆಂದ ಆ ಬೂದುಮಣ್ಣಲ್ಲಿ
ಟನ್ನಿಗೆ ಒಂದು ಚಿಟಿಕೆ ಸಿಕ್ಕಿತು.
ಈಗ ಅದಿಲ್ಲದೆ ಏನೂ ನಡೆಯದು:
ಬುಧನ ಮೇಲಿನ ಕುಲುಮೆಗೆ ಒಳಗೋಡೆ,
ದೂರ ಹೋಗುವ ನೌಕೆಗೆ ಹೊರಚರ್ಮ,
ಆಂಡರ್ಸನ್‌ಪೇಟೆಯ ಟೀ ಅಂಗಡಿಯಲ್ಲಿ
ಕದ್ದ ತುಂಡಿನಿಂದ ಬಡಿದ ಒಂದು ಕೆಟಲು:
ಮುಂಜಾನೆ ಕುದಿಸಿದ್ದು
ಮ್ಯಾಟಿನಿ ಬಿಟ್ಟಾಗಲೂ ತುಟಿ ಸುಡುತ್ತದೆ.

ನನ್ನದು ಸದ್ದು ತಪಾಸಣೆ. ಮೂರನೇ ಶೆಡ್ಡು.
ಗಟ್ಟಿಗೆ ಕಿವಿಕೊಳವೆ ಹಚ್ಚಿ ಕೂರುವುದು.
ಒಳಗೆ ಸದ್ದು ಉಳಿದಿದ್ದರೆ ತಿರುಗಿ ಕುಲುಮೆಗೆ,
ಇಲ್ಲದಿದ್ದರೆ ನೀಲಿ ಮೊಹರು: ನಿಶ್ಶಬ್ದ.
ಮೇಲೆ ಬರುವ ಮುನ್ನ ಈ ಅದಿರು ಎಲ್ಲ ಕೇಳಿಸಿಕೊಂಡಿದೆ.
ಡ್ರಿಲ್ಲಿನ ಕೊರೆತ, ಸರಪಳಿ, ಇಳಿತೊಟ್ಟಿಲಿನ ಗಂಟೆ,
ತೆಲುಗಿನಲ್ಲೊಂದು ಬೈಗುಳ, ತಮಿಳಿನಲ್ಲಿ ಅದಕ್ಕೆ ಉತ್ತರ,
ಬಂಡೆ ಸಿಡಿದದ್ದು.
ಅದು ಕೇಳಿದ ದಿನ ಅಮಲೋರ್ಪವ
ಕೊಳವೆ ತೆಗೆದಿಟ್ಟು ಹೊರಗೆ ಹೋಗಿ ನಿಲ್ಲುತ್ತಾಳೆ.
ನಾವು ಮಾತಾಡಿಸುವುದಿಲ್ಲ.

ಎರಡು ಸಲ ಕಾಸಿದರೆ ಬೈಗುಳ ಹೋಗುತ್ತದೆ.
ನಾಲ್ಕಕ್ಕೆ ಡ್ರಿಲ್ಲು.
ನಗು ಮೊದಲೇ ಕರಗಿರುತ್ತದೆ, ತವರದ ಹಾಗೆ.

ಕಳೆದ ಶನಿವಾರ, ನಾನೂರ ಹದಿನೇಳನೇ ಗಟ್ಟಿ.
ಏಳು ಸಲ ಬೆಂಕಿ ಕಂಡದ್ದು.
ಕಿವಿಯಿಟ್ಟೆ: ಕೆಮ್ಮು.
ಒಣ ಕೆಮ್ಮು, ಕಲ್ಲುಪುಡಿ ಉಂಡ ಎದೆಯದು.
ನಡುವೆ ಒಂದು ತಡೆ, ಯಾರೋ ನೀರು ಕೊಟ್ಟಂತೆ.
ಮತ್ತೆ ಕೆಮ್ಮು.
ಹೆಸರಿಲ್ಲ, ಬಿಲ್ಲೆ ನಂಬರಿಲ್ಲ.
ಆಗ ಯಾವ ಡಾಕ್ಟರೋ ಚೀಟಿಯಲ್ಲಿ ಬರೆದಿರಬೇಕು:
ಏನೂ ಇಲ್ಲ, ಕೆಲಸಕ್ಕೆ ಹೋಗಬಹುದು.

ವೆಂಕಟಗಿರಿಯಪ್ಪ ಗಡಿಯಾರ ತೋರಿಸಿದ.
ಮಾರಿಕುಪ್ಪಂನಿಂದ ಸರಕಿನ ಗಾಡಿ ಐದೂಕಾಲಿಗೆ.
ಮೊಹರು ಒತ್ತಿದೆ: ನಿಶ್ಶಬ್ದ.
ಭಯಕ್ಕೋ ದಯೆಗೋ, ಈಗಲೂ ತಿಳಿಯದು.

ಶನಿಯ ಬಳೆ ದಾಟಲು ಎಂಟು ವರ್ಷ.
ಅಲ್ಲಿ, ಎಲ್ಲರೂ ಮಲಗಿದ ಹೊತ್ತಿನಲ್ಲಿ,
ಗೋಡೆ ಕೆಮ್ಮುತ್ತದೆ.
ಪಾಳಿಯ ಹುಡುಗಿ ಎದ್ದು
ಒಬ್ಬೊಬ್ಬರ ಹಣೆ ಮುಟ್ಟಿ ನೋಡುತ್ತಾಳೆ.
ಯಾರಿಗೂ ಜ್ವರವಿಲ್ಲ.
ಆಮೇಲೆ, ಏನನ್ನಿಸಿತೋ,
ಒಂದು ಲೋಟ ನೀರು ತಂದು
ಗೋಡೆಯ ಬಳಿ ಇಟ್ಟು
ಕಾಯುತ್ತಾಳೆ.