ಮೂರೇ ಉಲ್ಲೇಖ

ಡಂಡೀಯಲ್ಲಿ ನವೆಂಬರು. ನಾಲ್ಕಕ್ಕೇ ಕತ್ತಲೆ.
ದೀಪದ ಸರ ಎಳೆದುಕೊಂಡು ರೈಲೊಂದು
ಟೇ ನದಿ ದಾಟುತ್ತಿದೆ.
ನನ್ನ ಮುಂದೆ ಒಂದು ಫಾರಂ:
ಪ್ರೊಫೆಸರ್ ಐಲ್ಸಾ ಕಿನ್ನೇರ್ಡ್ ನಿವೃತ್ತರಾಗುತ್ತಿದ್ದಾರೆ,
ಪ್ರಕಟಣೆಗಳ ಪಟ್ಟಿ ಬೇಕಂತೆ ಶುಕ್ರವಾರದೊಳಗೆ,
ಡೀನ್ ಸಾಹೇಬರ ಭಾಷಣಕ್ಕೆ.

ಪ್ರಬಂಧಗಳು: ನೂರ ನಲವತ್ತಮೂರು.
ಉಲ್ಲೇಖಗಳು: ಹನ್ನೊಂದು ಸಾವಿರದ ಇನ್ನೂರ ಆರು.
ಬೆಳಿಗ್ಗೆ ಇನ್ನೂರ ನಾಲ್ಕಿತ್ತು;
ನಾನು ಸಾರನ್ನ ಬಿಸಿ ಮಾಡಿಕೊಂಡು ಬರುವಷ್ಟರಲ್ಲಿ
ಎಲ್ಲೋ ಇಬ್ಬರು ಅವಳ ಹೆಸರು ಬರೆದಿದ್ದಾರೆ.
ಎಚ್-ಸೂಚ್ಯಂಕ: ಐವತ್ತೊಂದು.
ಹಾಗಂದರೇನು ಎಂದ ಬಾಗಿಲು ಕಾಯುವ ಡಂಕನ್.
ಐವತ್ತೊಂದು ಮಕ್ಕಳು, ಒಬ್ಬೊಬ್ಬರಿಗೂ
ಐವತ್ತೊಂದಕ್ಕೆ ಕಡಿಮೆಯಿಲ್ಲದ ಮಕ್ಕಳು, ಎಂದೆ.
"ಪಾಪ, ಕ್ರಿಸ್‌ಮಸ್ಸಿಗೆ ಉಡುಗೊರೆ ಕೊಂಡು ಸೋತಿರಬೇಕು."

ನಾನು ಆ ಸಂತಾನದಲ್ಲಿಲ್ಲ.
ಮೂವತ್ತು ವರ್ಷ ಅವಳ ಮೇಣದ ಗಟ್ಟಿಗಳನ್ನು ಕೊಯ್ದವಳು.
ನಾಲ್ಕು ಮೈಕ್ರಾನ್ ದಪ್ಪ. ಉಸಿರು ಬಿಟ್ಟರೆ ಹಾರಿತು.
ಬೆಚ್ಚನೆ ನೀರಿನ ಮೇಲೆ ತೇಲಬಿಟ್ಟು
ಹಾಲಿನ ಕೆನೆಯಂತೆ ಗಾಜಿನಲ್ಲಿ ಎತ್ತಬೇಕು.
ಯಾರದೋ ಎದೆಯ ಚೂರು;
ಬಣ್ಣಕ್ಕಿಟ್ಟರೆ ನೇರಳೆಹಣ್ಣು ತಿಂದ ನಾಲಿಗೆ.
ಹೆಸರಿಲ್ಲ, ನಂಬರು.
ಆ ನಂಬರಿನ ಸೊನ್ನೆಗಳನ್ನಾದರೂ
ದುಂಡಗೆ ಬರೆದಿದ್ದೇನೆ.

ನನ್ನ ಹೆಸರೂ ಒಮ್ಮೆ ಅಚ್ಚಾಗಿದೆ, ಕೃತಜ್ಞತೆಯ ಸಣ್ಣಕ್ಷರದಲ್ಲಿ,
ಅದೂ ತಪ್ಪಾಗಿ: ವಾರಿಜಾ ಹೋಗಿ ವರಾಜಿಯಾ.
ಐಲ್ಸಾ ಪೆನ್ನು ತಂದು ವಿಭಾಗದ ಪ್ರತಿಯಲ್ಲಿ
ತಿದ್ದಿ, ಸಹಿ ಹಾಕಿದಳು.
ಮಿಕ್ಕ ಪ್ರತಿಗಳಲ್ಲಿ ವರಾಜಿಯಾ ಎಂಬ ಹೆಂಗಸು
ಈಗಲೂ ಸುಖವಾಗಿದ್ದಾಳೆ.

ಹೆಚ್ಚು ಉಲ್ಲೇಖದ್ದು ಮೊದಲು ಬರಲಿ ಎಂದು ಒತ್ತಿದೆ.
ಮೇಲೆ ಬಂತು ಎರಡು ಸಾವಿರದ ಮೂರರದ್ದು.
"ಓದುವವರಿಲ್ಲ ಅದನ್ನ, ಮೊದಲ ಸಾಲಿಗೆ ಚಿಮುಕಿಸುತ್ತಾರೆ"
ಎನ್ನುತ್ತಿದ್ದಳು. ಪನ್ನೀರು, ಅಂದುಕೊಳ್ಳುತ್ತಿದ್ದೆ ನಾನು.
ಎರಡನೆಯದು ತೊಂಬತ್ತೊಂದರದ್ದು, ಆರುನೂರ ಮೂವತ್ತು:
ಕಂಕುಳ ಗ್ರಂಥಿಗಳನ್ನು ಎಲ್ಲರಿಗೂ, ಎಲ್ಲವನ್ನೂ,
ತೆಗೆದೇ ತೀರಬೇಕು ಎಂದು ವಾದಿಸಿದ್ದು.

ತೀರ ಕೆಳಗೆ, ಯಾರೂ ಇಳಿಯದ ಪುಟದಲ್ಲಿ,
ತೊಂಬತ್ತೆಂಟು. ನಾಲ್ಕು ಹಾಳೆ. ಮೂರೇ ಉಲ್ಲೇಖ.
ಅದರಲ್ಲೊಂದು ಅವಳದೇ.

ಆ ಚಳಿಗಾಲ ನೆನಪಿದೆ.
ಇನ್ನೂರ ಹನ್ನೆರಡು ಹೆಂಗಸರ ಗಟ್ಟಿಗಳನ್ನು
ಮತ್ತೆ ಕೊಯ್ಯಿಸಿದಳು, ಮತ್ತೆ ಎಣಿಸಿದಳು.
ಮಾರ್ಚಿನ ಒಂದು ಸಂಜೆ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ
"ವಾರಿಜಾ, ಸಣ್ಣ ಗೆಡ್ಡೆಯವರಿಗೆ ಬೇಕಿರಲಿಲ್ಲ" ಅಂದಳು.
ಚಹಾ ಆರಿತ್ತು.
ಕುಡಿದಳು.

"ಲೇಖಕಿಯ ಹಿಂದಿನ ನಿಲುವು ತಪ್ಪು" ಎಂದೇ ಶುರು.
ದೊಡ್ಡ ಪತ್ರಿಕೆಗಳು ಒಲ್ಲೆವೆಂದವು.
ನಮ್ಮೂರ ಆಸ್ಪತ್ರೆಯ ಸರ್ಜನ್ ರೆನಿ ಓದಿ
ಎರಡು ವಾರ ಜಗಳವಾಡಿದ,
ಮೂರನೆಯ ಸೋಮವಾರ ಕತ್ತಿ ಕೆಳಗಿಟ್ಟ.
ಕೊಯ್ಯದೆ ಉಳಿದ ಕಂಕುಳನ್ನು ಯಾರು ಉಲ್ಲೇಖಿಸುತ್ತಾರೆ?
ಊದದ ತೋಳಿಗೆ ಅಡಿಟಿಪ್ಪಣಿ ಎಲ್ಲಿ?

ಹಿಲ್‌ಟೌನಿನ ಏರಿನಲ್ಲಿ, ಭಾನುವಾರ,
ಎಪ್ಪತ್ತರ ಒಬ್ಬಾಕೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು.
ಒದ್ದೆ ಕಂಬಳಿ. ಎರಡೂ ತೋಳು ಮೇಲೆ.
ಕ್ಲಿಪ್ಪು ಹಲ್ಲಿನಲ್ಲಿ ಕಚ್ಚಿಕೊಂಡೇ ಯಾರನ್ನೋ ಬೈಯುತ್ತಿದ್ದಳು.
ಆಕೆ ಅವರಲ್ಲೊಬ್ಬಳೋ ಅಲ್ಲವೋ.
ನಿಂತು ನೋಡಿದ್ದಕ್ಕೆ ನನ್ನನ್ನೂ ಗದರಿದಳು.

ಫಾರಂ ಕೇಳುತ್ತದೆ: ಆಯ್ದ ಐದು ಪ್ರಬಂಧಗಳು.
ತೊಂಬತ್ತೊಂದರದ್ದನ್ನು ಬಿಟ್ಟುಬಿಡಲೇ ಎಂದು
ಫೋನು ಮಾಡಿದೆ. ಆ ಕಡೆ ಕೆಟಲಿನ ಸದ್ದು.
"ಹಾಕು," ಅಂದಳು, "ಆ ಇನ್ನೂರ ಹನ್ನೆರಡು ಮಂದಿ
ಇರೋದು ಅದರಲ್ಲೇ ಅಲ್ಲವೆ.
ಅದರ ಕೆಳಗೆ ತೊಂಬತ್ತೆಂಟರದ್ದು. ಅಂಟಿಸಿದ ಹಾಗೆ."

ಹಾಕಿದೆ. ಕಳಿಸುವ ಮೊದಲು ಮತ್ತೆ ನೋಡಿದರೆ
ಹನ್ನೊಂದು ಸಾವಿರದ ಇನ್ನೂರ ಏಳು.
ಈ ಒಂದು ಯಾವುದಕ್ಕೆ ಬಂತೋ,
ತೆರೆದು ನೋಡಲಿಲ್ಲ.