ಮೂವತ್ತು ಎಣಿಸುವಷ್ಟು ಹೊತ್ತು

ಕೋಲಾರದ ಹೊರಗೆ, ಬಂಡೆಗುಡ್ಡದ ಬುಡದಲ್ಲಿ
ಎನ್‌ಸಿಸಿ ಕ್ಯಾಂಪಿನ ಫೈರಿಂಗ್ ಬಯಲು.
ಗುಡ್ಡದ ನೆತ್ತಿಗೆ ಕೆಂಪು ಬಾವುಟ ಏರಿತೆಂದರೆ
ಕುರಿ ಕಾಯುವವರು ಆ ಕಡೆ ಸುಳಿಯುತ್ತಿರಲಿಲ್ಲ,
ಕುರಿಗಳಿಗೂ ಅಭ್ಯಾಸವಾಗಿತ್ತು.
ಮಣ್ಣಿನ ದಿಬ್ಬ, ದಿಬ್ಬದ ಎದೆಗೊಂದು ಕಾಗದ,
ಕಾಗದದ ನಡುವೆ ಅಂಗೈಯಗಲ ಕಪ್ಪು.

ಹಿಂದಿನ ರಾತ್ರಿ ಹವಾಲ್ದಾರ್ ತಿಮ್ಮರಾಯಪ್ಪ
ಗ್ಯಾಸ್‌ಲೈಟಿನ ಕೆಳಗೆ ರೈಫಲ್ ಬಿಚ್ಚಿಟ್ಟು ಹೇಳಿದ್ದರು:
'ದೊಡ್ಡ ಸದ್ದಿಗೆ ಹೆದರಬೇಡ್ರಿ, ಅದರ ಕೆಲಸ ಅದು.
ಸದ್ದು ಚಿಕ್ಕದಾಯ್ತಾ, ಪುಸ್ ಅಂತಾ, ನಿಲ್ಲಿಸಿ.
ಗುಂಡು ಹೊರಟಿದೆ, ಊರು ಸೇರಿಲ್ಲ,
ನಳಿಗೆಯಲ್ಲೇ ಎಲ್ಲೋ ಕೂತಿದೆ ಅಂತ ಅರ್ಥ.
ಅದರ ಬೆನ್ನಿಗೆ ಇನ್ನೊಂದು ಕಳಿಸಿದರೆ
ಬಾಳೆಹೂವು ಬಿಚ್ಚಿಕೊಂಡಂಗೆ ಕಬ್ಬಿಣ ಬಿಚ್ಕೊಳ್ಳುತ್ತೆ.
ಸದ್ದೇ ಬರಲಿಲ್ಲವಾ?
ಬಾಯಿ ದಿಬ್ಬದ ಕಡೆಗೇ ಇರಲಿ.
ಎಡಗೈ ಮೇಲೆತ್ತಿ, ಮೂವತ್ತು ಎಣಿಸಿ.
ಮದ್ದಿಗೂ ಒಂದೊಂದ್ಸಲ ಯೋಚನೆ ಮಾಡೋ ಬುದ್ಧಿ ಇರುತ್ತೆ.'

ನಾವು ನಕ್ಕೆವು. ಅವರು ನಗಲಿಲ್ಲ.

ಬೆಳಿಗ್ಗೆ ಚಾಪೆಯ ಮೇಲೆ ಹೊಟ್ಟೆ ಅಡಿಯಾಗಿ ಐವರು.
ನನ್ನ ಎಡಕ್ಕೆ ವನಜಾಕ್ಷಿ,
ಮಾಲೂರಿನ ಹೆಂಚಿನ ಕಾರ್ಖಾನೆ ಮೇಸ್ತ್ರಿ ಮಗಳು,
ಉಗುರಿನ ಸಂದಿಯಲ್ಲಿ ಇನ್ನೂ ಊರಿನ ಕೆಂಪು.
ಅವಳ ಆರನೆಯ ಗುಂಡಿಗೆ
ಬರೀ 'ಟಿಕ್' ಅಂತು.
ಬೀಗದ ಕೈ ತಪ್ಪಾದಾಗಿನ ಸದ್ದು.

ಎಡಗೈ ಮೇಲೆ ಹೋಯಿತು. ತುಟಿ ಅಲುಗತೊಡಗಿತು.
ಒಂದು. ಎರಡು. ಮೂರು.
ಬಂಡೆಯ ಮೇಲಿನ ಓತಿಕೇತ ಕೂಡ ತಲೆ ಆಡಿಸಲಿಲ್ಲ.

ನಾನು ತಿರುಗಿದೆ.

ಕೆಟ್ಟದ್ದೇನೂ ನನ್ನ ಮನಸ್ಸಿನಲ್ಲಿರಲಿಲ್ಲ.
ಏನಾಯ್ತೇ ಅಂತ ಕೇಳಬೇಕಿತ್ತು, ಅಷ್ಟೆ.
ಹದಿನಾರರ ಪ್ರಾಯ, ಪಕ್ಕದಲ್ಲಿ ಹುಡುಗಿ,
ಏನೋ ಸಹಾಯ ಮಾಡುವವನ ಗತ್ತು.
ಕತ್ತು ತಿರುಗಿತು, ಕತ್ತಿನ ಹಿಂದೆ ಭುಜ,
ಭುಜದ ಹಿಂದೆ, ಸಾಕಿದ ನಾಯಿಯ ಹಾಗೆ,
ತುಂಬಿದ ರೈಫಲ್.

ಒಂದು ಬೂಟು ಬಂತು.
ನಳಿಗೆಯನ್ನು ಮಣ್ಣಿಗೆ ಒತ್ತಿ ನಿಂತಿತು.
ಬೂಟಿನ ಲೇಸು ಸಣಬಿನದು, ಎರಡು ಕಡೆ ಗಂಟು,
ಅದನ್ನೇ ನೋಡುತ್ತಿದ್ದೆ, ಮೇಲೆ ನೋಡಲಾಗಲಿಲ್ಲ.

ಬೈಯಲಿಲ್ಲ ತಿಮ್ಮರಾಯಪ್ಪ.
'ಅವಳ ರೈಫಲ್ ಕೈ ಕೊಟ್ಟಿದೆ,' ಅಂದರು,
'ನಿಂದು ಚೆನ್ನಾಗಿದೆ.
ನನಗೆ ಭಯ ನಿಂದರದ್ದು.'

ಕುದುರೆ ಎಳೆದಾಗ ಅವಳ ಗುಂಡು ಚಾಪೆಗೆ ಉರುಳಿತು,
ಹಿಂಬದಿಯ ಅಂಚಿನಲ್ಲಿ
ಮಗು ಉಗುರೂರಿದಂತೆ ಒಂದು ತಗ್ಗು, ಆಳವಿಲ್ಲ.
ಅಷ್ಟೇ ಅದರ ತಪ್ಪು.
ಮರಳು ತುಂಬಿದ ಡಬ್ಬಿಯಲ್ಲಿ ಮಲಗಿಸಿದರು.

ಆ ದಿನ ನಾನು ಮತ್ತೆ ಹಾರಿಸಲಿಲ್ಲ.
ಖಾಲಿ ತೋಟಾ ಆಯ್ದು ಎಣಿಸುವ ಶಿಕ್ಷೆ:
ಐವತ್ತು ಕೊಟ್ಟದ್ದು; ಚಿಪ್ಪು ನಲವತ್ತೈದು,
ನನ್ನವು ಹಾರದೆ ಉಳಿದದ್ದು ನಾಲ್ಕು,
ಡಬ್ಬಿಯಲ್ಲಿ ಒಂದು.
ಲೆಕ್ಕ ಕೂಡುವವರೆಗೂ ಯಾರಿಗೂ ಊಟವಿಲ್ಲ.

ಸಂಜೆ ಟೀ ಲೋಟ ತೊಳೆಯುವಾಗ ಅವಳೇ ಕೇಳಿದಳು,
'ಏನು ಹೇಳೋಕೆ ತಿರುಗಿದ್ದೆ?'
ಮರೆತುಹೋಯ್ತು ಅಂದೆ.
'ಇಪ್ಪತ್ತೆರಡರವರೆಗೂ ಬಂದಿದ್ದೆ ಕಣೋ.
ನಿನ್ನಿಂದ ಲೆಕ್ಕ ತಪ್ಪಿ
ಮತ್ತೆ ಒಂದರಿಂದ ಶುರು ಮಾಡಿದೆ.'
ಲೋಟ ಬೋರಲು ಹಾಕಿ ಎದ್ದು ಹೋದಳು.

ಈಗ ಆ ಬಾವುಟ ಏರಿಸುವವನು ನಾನೇ.
ಮಕ್ಕಳಿಗೆ ಎಲ್ಲ ಹೇಳುತ್ತೇನೆ:
ಬೆರಳು ಹೊರಗೆ, ಕಿವಿಗೆ ಹತ್ತಿ, ಬಾಯಿ ದಿಬ್ಬಕ್ಕೆ,
ಪುಸ್ ಅಂದರೆ ನಿಲ್ಲಿಸು, ಟಿಕ್ ಅಂದರೆ ಕಾಯಿ.
ಇದೊಂದನ್ನು ಮಾತ್ರ ಹೇಳಿಲ್ಲ.

ಮನೆಯಲ್ಲಿ ಯಾರಾದರೂ ಹಿಂದಿನಿಂದ ಕರೆದರೆ
ಕೈಯಲ್ಲಿದ್ದುದನ್ನು ಮೊದಲು ಕೆಳಗಿಡುತ್ತೇನೆ,
ಪೆನ್ನೋ, ಹಾಲಿನ ಪಾತ್ರೆಯೋ,
ಹಾಜರಿ ಪುಸ್ತಕವೋ.
ಆಮೇಲೆ ತಿರುಗುತ್ತೇನೆ.