ಬಿಟ್ಟ ಸಾಲು

ಮೊದಲು ನಿನ್ನ ಹೆಸರು, ಎಂದರು ಉಪದೇಶಿ ಇನಾಸಪ್ಪ,
ಆಮೇಲೆ ಅವಳದು.
ಆದಿ ಸಭೆಯವರ ಓಲೆ ಹೀಗೇ ಹೊರಡುತ್ತಿತ್ತಂತೆ:
ಇಂಥವನಿಂದ, ಇಂಥವರಿಗೆ, ಕೃಪೆ, ಶಾಂತಿ.
ಮತ್ತೆ ವಂದನೆ.

ಸಿದ್ದಾಪುರದ ಲೈನ್‌ಮನೆ ಜಗಲಿ.
ಕಣದಲ್ಲಿ ಒಣಗುವ ಕಾಫಿಹಣ್ಣಿನ ಹುಳಿ ವಾಸನೆ.

ವಂದನೆ ಏತಕ್ಕೆ?
ಅವ್ವನ ಕಿವಿಯೋಲೆ ಅಡವಿಟ್ಟು
ಮೂರು ವರ್ಷ ಮಾತಿಲ್ಲದ ತಂಗಿಗೆ?

ಸಿಟ್ಟಲ್ಲಿ ಒಬ್ಬರು ಆ ಸಾಲು ಬಿಟ್ಟೇ ಬರೆದದ್ದುಂಟು, ಎಂದರು.
ಬಿಡಿ ಹಾಗಾದರೆ.
ಬೈಗುಳ ಹಾಳೆಯ ಮಗ್ಗುಲು ತಿರುಗಿಸಿತು.

ಇನ್ನು ಹೆಸರು ಹಿಡಿದು ಎಲ್ಲರನ್ನೂ ಕೇಳು.
ಬೆರ್ನಬೆಯ ಕೆಮ್ಮು ಹೇಗಿದೆ,
ಕೂಸಿಗೆ ಕಿವಿ ಚುಚ್ಚಿಸಿದೆಯಾ...
ಪೆನ್ನು ಕಾಯಿತು. ನಾನು ಹೇಳಲಿಲ್ಲ.

ಕಡೆಯದು ನಿನ್ನ ಕೈಬರಹ, ಎಂದು ಚಾಚಿದರು.
ಬರುವುದು ಹೆಸರೊಂದೇ.
ಕ್ಲಾರಮ್ಮ, ಒತ್ತು ಮರೆತು
ದಪ್ಪಕ್ಷರದಲ್ಲಿ ‘ಕಾರಮ’.

ಮಡಚುವಾಗ ಕೇಳಿದೆ:
ಗುರುಗಳೇ, ಮೇಲೆ
ಒಂದು ಸಾಲಿಗೆ ಜಾಗ ಇದೆಯಾ?